ಒಂದೊಂದೇ ಶೇಡ್: ಸೂಕ್ಷ್ಮ ಚರ್ಮದವಳ ಐಶ್ಯಾಡೋ ಅನುಭವ

ಹನ್ನೆರಡು ಶೇಡಿನ ಐಶ್ಯಾಡೋ ಪ್ಯಾಲೆಟ್ ಕೊಂಡರೆ ಹನ್ನೆರಡು ಬೇರೆ ಬೇರೆ ಸಾಮಾನು ಕೊಂಡಂತೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ಒಂದೇ ಡಬ್ಬಿಯ ಕಂದು ಬಣ್ಣ ನನ್ನ ರೆಪ್ಪೆಯ ಮೇಲೆ ಸಂಜೆಯವರೆಗೂ ಸುಮ್ಮನೆ ಕೂತಿರುತ್ತದೆ. ಅದರ ಪಕ್ಕದ ನೇರಳೆ ಹಚ್ಚಿದ ದಿನ ಮುಂಬೈಯ ಲೋಕಲ್ ಟ್ರೈನ್ ದಾದರ್ ಮುಟ್ಟುವುದರೊಳಗೆ ಉರಿ ಶುರುವಾಗುತ್ತದೆ. "ನಂಗೆ ಐಶ್ಯಾಡೋನೇ ಆಗಿ ಬರುವುದಿಲ್ಲ ಮಾರಾಯ್ತಿ" ಎಂದು ಪೂರಾ ಕೈಬಿಟ್ಟವರು ಮಾಟುಂಗದ ನಮ್ಮ ಕನ್ನಡದವರ ಬಳಗದಲ್ಲೇ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹಲವರಿಗೆ ಆಗದೆ ಇದ್ದದ್ದು ಯಾವುದೋ ಒಂದೆರಡು ಶೇಡ್ ಇರಬೇಕು ಎನ್ನುವುದು ನನ್ನ ಅಂದಾಜು.

ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ತೆಳು, ಸುಮಾರು ಅರ್ಧ ಮಿಲಿಮೀಟರ್. ಕೈಗೆ, ಕೆನ್ನೆಗೆ ಏನೂ ಮಾಡದ ವಸ್ತು ಅಲ್ಲಿ ಕೆಂಪಾಗಿಸುತ್ತದೆ, ತುರಿಕೆ ತರಿಸುತ್ತದೆ, ಆಮೇಲೆ ಹೊಟ್ಟು ಎಬ್ಬಿಸುತ್ತದೆ. ಇನ್ನೊಂದು ವಿಷಯ, ರೆಪ್ಪೆ ಊದಿದ್ದಕ್ಕೆಲ್ಲ ಐಶ್ಯಾಡೋನೇ ಕಾರಣ ಎನ್ನುವ ಹಾಗಿಲ್ಲ. ನೇಲ್ ಪಾಲಿಶ್ ಹಚ್ಚಿದ ಬೆರಳಿನಿಂದ ಕಣ್ಣು ಉಜ್ಜಿಕೊಂಡರೆ ಬೆರಳಿಗೆ ಏನೂ ಆಗದೆ ರೆಪ್ಪೆಯೇ ಕೆಂಪಾಗಬಹುದು. ಹೇರ್ ಡೈ ಕತೆಯೂ ಅದೇ.

ಹಾಗಾಗಿ ಹೊಸ ಪ್ಯಾಲೆಟ್ ಕೊಳ್ಳುವ ಮುಂಚೆ ಯಾವ ವಸ್ತು ನನಗೆ ಅಲರ್ಜಿ ಎಂದು ತಿಳಿಯಲು ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿಕೊಂಡೆ. ಬೆನ್ನಿನ ಮೇಲೆ ಸಾಲುಸಾಲಾಗಿ ಪಟ್ಟಿ ಅಂಟಿಸುತ್ತಾರೆ. ನಿಕ್ಕಲ್, ಕೋಬಾಲ್ಟ್, ಸುಗಂಧದ ಮಿಶ್ರಣ, ಪ್ಯಾರಾಬೆನ್, ಫಾರ್ಮಾಲ್ಡಿಹೈಡ್, ಹೇರ್ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ, ಕೊನೆಗೆ ನಮ್ಮ ಊರಿನ ಕಾಂಗ್ರೆಸ್ ಹುಲ್ಲಿನ ತನಕ ಒಂದೊಂದು ಪುಟ್ಟ ಬಿಲ್ಲೆ. 48 ಗಂಟೆಗೆ ಪಟ್ಟಿ ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು, ಬೆವರಲೂ ಬಾರದು. ಮುಂಬೈಯಲ್ಲಿ ಅದು ಸಾಧ್ಯವಾಗುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ, ಮೇ ತಿಂಗಳಲ್ಲಂತೂ ಬೇಡವೇ ಬೇಡ. ನನಗೆ ಸುಗಂಧದ ಮಿಶ್ರಣಕ್ಕೆ ಚೆನ್ನಾಗಿಯೇ ಕೆಂಪಾಯಿತು, ನಿಕ್ಕಲ್‌ಗೆ ಸ್ವಲ್ಪ. ಸುಗಂಧವಾದರೆ ಲೇಬಲ್ಲಿನಲ್ಲಿ ಕಾಣುತ್ತದೆ. ನಿಕ್ಕಲ್ ಕಾಣುವುದಿಲ್ಲ. ಅದನ್ನು ಐಶ್ಯಾಡೋಗೆ ಯಾರೂ ಬೇಕೆಂದು ಹಾಕುವುದಿಲ್ಲ, ಖನಿಜದ ಬಣ್ಣಗಳ ಜೊತೆ ಚೂರುಪಾರು ಬಂದುಬಿಡುತ್ತದೆ. ಅದಕ್ಕೇ ಎಷ್ಟು ಲೇಬಲ್ ಓದಿದರೂ ಶೇಡ್ ಶೇಡಾಗಿ ಹಚ್ಚಿ ನೋಡುವುದು ತಪ್ಪಿದ್ದಲ್ಲ.

ಹಾಗೆಂದು ಲೇಬಲ್ ಬಿಡುವುದಿಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಡಬ್ಬಿ ತಿರುಗಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದು, ದೊಡ್ಡದು ಮಾಡಿ ಓದುತ್ತೇನೆ. ಮೊದಲು ಟಾಲ್ಕ್, ಮೈಕಾ ಇತ್ಯಾದಿ. ಕೊನೆಯಲ್ಲಿ ಕೂಡಿಸು-ಕಳೆ ಚಿಹ್ನೆ ಹಾಕಿ ಸಿಐ ನಂಬರುಗಳ, ಎಂದರೆ ಒಂದೊಂದು ಬಣ್ಣಕ್ಕೂ ಇರುವ ಗುರುತಿನ ಸಂಖ್ಯೆಗಳ, ಉದ್ದ ಸಾಲು. ಆ ಚಿಹ್ನೆ ಇದ್ದರೆ ಈ ಬಣ್ಣಗಳು ಕೆಲವು ಶೇಡಿನಲ್ಲಿ ಇರಬಹುದು, ಕೆಲವದರಲ್ಲಿ ಇಲ್ಲದೆಯೂ ಇರಬಹುದು ಎಂದರ್ಥ. 77491, 77492, 77499 ಎಂದರೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. ಕಂದು ಬಣ್ಣಗಳೆಲ್ಲ ಹೆಚ್ಚಾಗಿ ಇವುಗಳ ಮಿಶ್ರಣ, ನನ್ನ ಮಟ್ಟಿಗೆ ಇವೇ ಸಾಧು. 77163 ಎಂದರೆ ಬಿಸ್ಮತ್ ಆಕ್ಸಿಕ್ಲೋರೈಡ್, ಮುತ್ತಿನ ಹೊಳಪು ಕೊಡುವುದು. ಬೆವರು ಸೇರಿದರೆ ನನಗೆ ಚುಚ್ಚುತ್ತದೆ. 75470 ಕಾರ್ಮೈನ್, ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳದಿಂದ ತೆಗೆದ ಕೆಂಪು. ಇದು ಕೆಲವರಿಗೆ ಅಲರ್ಜಿ ಮಾಡುತ್ತದೆ. ಶುದ್ಧ ಶಾಕಾಹಾರದ ಮನೆಯವರಿಗಂತೂ ಗೊತ್ತಿರಲೇಬೇಕು. 'ಹೈಪೋಅಲರ್ಜೆನಿಕ್' (ಅಲರ್ಜಿ ಮಾಡುವುದು ಕಡಿಮೆ) ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನಾನು ಓದುವುದೂ ಇಲ್ಲ. ಅಮೆರಿಕದಲ್ಲಿ ಔಷಧಿ, ಸೌಂದರ್ಯವರ್ಧಕಗಳ ಮೇಲೆ ನಿಗಾ ಇಡುವ ಸರಕಾರಿ ಸಂಸ್ಥೆ ಎಫ್‌ಡಿಎ ಪ್ರಕಾರವೇ ಆ ಮಾತಿಗೆ ಕಾನೂನಿನ ಅಳತೆಗೋಲಿಲ್ಲ. ನಿಯಾನ್ ಬಣ್ಣಗಳ ಡಬ್ಬಿಯ ಮೇಲೆ 'ಪ್ರೆಸ್ಡ್ ಪಿಗ್ಮೆಂಟ್' ಎಂದಿದ್ದರೆ ಹಿಂದುಗಡೆ ಹುಡುಕಿ ನೋಡಿ, ಕಣ್ಣಿನ ಭಾಗಕ್ಕೆ ಹಚ್ಚಬೇಡಿ ಎಂಬ ಸೂಚನೆ ಸಣ್ಣಕ್ಷರದಲ್ಲಿ ಇರುವುದುಂಟು. ತಯಾರಕರ ವಿಳಾಸವೇ ಇಲ್ಲದ ಫುಟ್‌ಪಾತ್ ಡಬ್ಬಿಯನ್ನು ಮುಟ್ಟುವುದಿಲ್ಲ. ಟೆಸ್ಟರ್ ಇಟ್ಟಿದ್ದರೆ ಬಣ್ಣ ನೋಡಲು ಮುಂಗೈಗೆ ಹಚ್ಚಿಕೊಳ್ಳುತ್ತೇನೆ, ಕಣ್ಣಿಗೆ ಖಂಡಿತ ಇಲ್ಲ. ಅದರಲ್ಲಿ ಎಷ್ಟು ಜನರ ಬೆರಳು ಆಡಿದೆಯೋ.

ಮನೆಗೆ ತಂದ ಮೇಲೆ ಮೊದಲು ಮ್ಯಾಟ್, ಎಂದರೆ ಹೊಳಪಿಲ್ಲದ, ಕಂದು. ಮೊಣಕೈ ಒಳಮಡಿಕೆಯ ಹತ್ತಿರ ಹತ್ತು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬೆರಳಿನಿಂದ ಒತ್ತಿ ಹಚ್ಚುತ್ತೇನೆ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಕನಿಷ್ಠ ಒಂದು ವಾರ. ಅಲರ್ಜಿ ಎನ್ನುವುದು ಹಚ್ಚಿದ ತಕ್ಷಣ ಕಾಣಲೇಬೇಕೆಂದಿಲ್ಲ, ಎರಡು ಮೂರು ದಿನ ಬಿಟ್ಟು ಏಳುವುದೇ ಹೆಚ್ಚು. ಒಂದು ತೋಳಿಗೆ ಒಂದೇ ಶೇಡ್. ಅಲ್ಲಿ ಪಾಸಾದದ್ದನ್ನು ಒಂದೇ ಕಣ್ಣಿನ ಹೊರಮೂಲೆಗೆ, ರಜೆಯ ದಿನ, ಬಣ್ಣ ನಿಲ್ಲಲೆಂದು ಅದರ ಕೆಳಗೆ ಹಚ್ಚುವ ಪ್ರೈಮರ್ ಇಲ್ಲದೆ. ಪ್ರೈಮರನ್ನೂ ಹೀಗೇ ಬೇರೆಯಾಗಿ ನೋಡಬೇಕು, ಇಲ್ಲದಿದ್ದರೆ ತುರಿಕೆ ಯಾವುದರದ್ದೆಂದು ಹೇಗೆ ಹೇಳುವುದು? ಮ್ಯಾಟ್ ಮುಗಿದ ಮೇಲೆ ಮಿನುಗುವ ಶಿಮ್ಮರ್, ಆಮೇಲೆ ಕೆಂಪು, ನೇರಳೆ, ಹಸಿರು. ಗ್ಲಿಟರ್ ಅನ್ನು ನಾನು ನೋಡುವುದೇ ಇಲ್ಲ. ಲೆನ್ಸ್ ಹಾಕುವವಳಿಗೆ ಆ ಚೂಪು ಚೂರುಗಳು ಕಣ್ಣೊಳಗೆ ಬೀಳುವುದು ಬೇಡ.

ಇಷ್ಟೆಲ್ಲ ತಾಳ್ಮೆ ಯಾಕೆಂದರೆ ನವರಾತ್ರಿ. ಪತ್ರಿಕೆಯಲ್ಲಿ ಒಂಬತ್ತು ದಿನದ ಬಣ್ಣಗಳ ಪಟ್ಟಿ ಬಂತೆಂದರೆ ಇಲ್ಲಿ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಒಂದು ದಿನ ಎಲ್ಲರೂ ಹಳದಿ, ಮರುದಿನ ಎಲ್ಲರೂ ಹಸಿರು. ಅದರಲ್ಲಿ ಸೇರಿಕೊಳ್ಳುವ ಆಸೆ ನನಗೂ ಇದೆ. ಶ್ರಾವಣದಲ್ಲೇ ತೋಳಿನ ಮೇಲಿನ ಪರೀಕ್ಷೆ ಶುರು ಮಾಡಿದರೆ ನವರಾತ್ರಿಗೆ ಕೈಯಲ್ಲಿ ಖಾತ್ರಿ ಇರುವ ಶೇಡುಗಳಿರುತ್ತವೆ. ಹಳದಿ, ಕಿತ್ತಳೆ, ಬೂದು ಸಲೀಸಾಗಿ ಸಿಕ್ಕವು. ಹಸಿರಿನಲ್ಲಿ ಕ್ರೋಮಿಯಂ ಆಕ್ಸೈಡ್ ಇದ್ದದ್ದು ನನಗೆ ಒಗ್ಗಲಿಲ್ಲ. ಆ ದಿನ ರೆಪ್ಪೆಗೆ ಕಂದು, ಹಸಿರು ಸೀರೆಗೆ.

ಹಚ್ಚುವುದಕ್ಕಿಂತ ತೆಗೆಯುವಾಗಲೇ ರೆಪ್ಪೆಗೆ ಹೆಚ್ಚು ಪೆಟ್ಟು. ಹತ್ತಿಗೆ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಸುಮ್ಮನೆ ಇಟ್ಟು, ಮೇಲಿನಿಂದ ಕೆಳಗೆ ಒಂದೇ ಸಲ ಎಳೆಯುತ್ತೇನೆ. ಉಜ್ಜುವುದಿಲ್ಲ. ಅಮ್ಮ ಕೊಬ್ಬರಿ ಎಣ್ಣೆ ಎನ್ನುತ್ತಾರೆ, ಅದು ಕಣ್ಣೊಳಗಿಳಿದು ರಾತ್ರಿಯೆಲ್ಲ ಮಬ್ಬು ಮಬ್ಬು. ಮಳೆಗಾಲದಲ್ಲಿ ಬ್ರಶ್ ತೊಳೆದರೆ ಎರಡು ದಿನವಾದರೂ ಬುಡದಲ್ಲಿ ತೇವ ಉಳಿದಿರುತ್ತದೆ. ಬೆರಳಲ್ಲಿ ಹಿಂಡಿ, ಮೂಸಿ ನೋಡಿ, ಫ್ಯಾನಿನ ಕೆಳಗೆ ಮಲಗಿಸಿಡುತ್ತೇನೆ. ತೇವದ ಬ್ರಶ್ ಪುಡಿಗೆ ತಾಗಿದರೆ ಮೇಲೆ ಗಟ್ಟಿ ಪೊರೆ ಕಟ್ಟುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಅಂಥ ಶೇಡ್ ಎಷ್ಟೇ ದುಬಾರಿಯಾದರೂ ಬಿಸಾಡಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ರೆಪ್ಪೆ ಕೆಂಪಾಯಿತೆಂದು ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಟ್ಯೂಬ್ ತಂದು ಹಚ್ಚಿಕೊಳ್ಳಬೇಡಿ. ತೆಳು ಚರ್ಮ ಇನ್ನೂ ತೆಳುವಾಗುತ್ತದೆ, ದಿನಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡವೂ ಏರಬಹುದು. ಬಣ್ಣ ನಿಲ್ಲಿಸಿ, ತಣ್ಣೀರಿನ ಬಟ್ಟೆ ಇಡಿ. ಊತ ಇಳಿಯದಿದ್ದರೆ, ನೋವು ಬಂದರೆ, ನೋಟ ಮಂಜಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಈಗ ನಾದಿನಿಯ ಮದುವೆ ಹತ್ತಿರ ಬಂದಿದೆ. ಅವಳದ್ದೂ ನನ್ನ ಹಾಗೇ ಚರ್ಮ. "ಅತ್ತಿಗೆ, ಆ ಪರ್ಪಲ್ ನಂಗೆ ಆಗ್ತದಾ?" ಎಂದು ದಿನಾ ಫೋನು. ಮೇಕಪ್ ಮಾಡುವವರ ಹತ್ತಿರ ಮೊದಲೇ ಮಾತಾಡಿದ್ದೇನೆ: ಕಣ್ಣಿಗೆ ನಮ್ಮದೇ ಪ್ಯಾಲೆಟ್, ನಮ್ಮದೇ ಬ್ರಶ್. ಅವರು ಬೇಸರಿಸದೆ ಒಪ್ಪಿದರು. ನೇರಳೆ ಸದ್ಯ ಅವಳ ಎಡತೋಳಿನ ಮೇಲಿದೆ, ಬಲತೋಳಿನ ಮೇಲೆ ತಾಮ್ರದ ಬಣ್ಣ.