ವೇಕ್ ಕೌಂಟಿಯ ಮುಂಗಡ ಮತದಾನ: ಅದೇ ದಿನದ ನೋಂದಣಿ ಮೇಜಿನ ಅನುಭವ

ನಾರ್ತ್ ಕ್ಯಾರೊಲೈನಾದ ವೇಕ್ ಕೌಂಟಿಯ ಮುಂಗಡ ಮತದಾನ ಕೇಂದ್ರದಲ್ಲಿ, ಹೆಸರು ಪಟ್ಟಿಯಲ್ಲಿ ಇರುವವರ ಕೆಲಸ ಬೇಗ ಮುಗಿಯುತ್ತದೆ. ಇಲ್ಲದವರನ್ನು ಪಕ್ಕದ ಮೇಜಿಗೆ ಕಳಿಸುತ್ತಾರೆ. ನಾನು ಕೂರುವುದು ಆ ಮೇಜಿನಲ್ಲಿ. ಅಲ್ಲಿಗೆ ಬಂದವರು ನಿಂತ ನಿಲುವಿನಲ್ಲೇ ಮತದಾರರಾಗಿ ನೋಂದಾಯಿಸಿಕೊಂಡು ಮತ ಹಾಕಿ ಹೋಗಬಹುದು. ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಕಡೆ ನಮ್ಮವರು ಬಹಳ ಜನ ಇದ್ದಾರೆ, ವರ್ಷ ವರ್ಷವೂ ಹೊಸದಾಗಿ ಪೌರತ್ವ ಪಡೆಯುವವರಿದ್ದಾರೆ. ಅವರಿಗೆ ನೇರವಾಗಿ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿನಾಂಕದ ಲೆಕ್ಕ. ಈ ರಾಜ್ಯದಲ್ಲಿ ಮಾಮೂಲಿ ನೋಂದಣಿ ಚುನಾವಣೆಗೆ 25 ದಿನ ಮೊದಲು ಮುಗಿಯುತ್ತದೆ. ಮುಂಗಡ ಮತದಾನ ಶುರುವಾಗುವುದು ಚುನಾವಣೆಗೆ ಹಿಂದಿನ ಮೂರನೇ ಗುರುವಾರ. ಮುಗಿಯುವುದು ಚುನಾವಣೆಗೆ ಮುಂಚಿನ ಶನಿವಾರ ಮಧ್ಯಾಹ್ನ 3 ಗಂಟೆಗೆ. 2024ರಲ್ಲಿ ನವೆಂಬರ್ 5ರ ಚುನಾವಣೆಗೆ ನೋಂದಣಿ ಅಕ್ಟೋಬರ್ 11ಕ್ಕೆ ಮುಗಿದಿತ್ತು, ಮುಂಗಡ ಮತದಾನ ಅಕ್ಟೋಬರ್ 17ರಿಂದ ನವೆಂಬರ್ 2ರವರೆಗೆ ನಡೆಯಿತು. ಅದೇ ಲೆಕ್ಕದಲ್ಲಿ 2026ರ ನವೆಂಬರ್ 3ರ ಚುನಾವಣೆಗೆ ಅಕ್ಟೋಬರ್ 9, 15 ಮತ್ತು 31 ಬರುತ್ತವೆ. ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ ಸಂಜೆ 7:30ರವರೆಗೆ ಬಾಗಿಲು ತೆರೆದಿರುತ್ತದೆ. ವಾರಾಂತ್ಯದ ಸಮಯ, ಕೇಂದ್ರಗಳ ಜಾಗ ಎರಡೂ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತವೆ. ಹೋದ ಸಲ ಹೋದಲ್ಲಿಗೇ ಹೋಗಬೇಡಿ, ಕೌಂಟಿಯ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಅತಿ ಹೆಚ್ಚು ಜನ ಎಡವುವುದು ಇಲ್ಲಿ: ಅದೇ ದಿನದ ನೋಂದಣಿ ಇರುವುದು ಮುಂಗಡ ಮತದಾನದ ಅವಧಿಯಲ್ಲಿ ಮಾತ್ರ, ಚುನಾವಣೆಯ ಮಂಗಳವಾರ ಇಲ್ಲ. ಶನಿವಾರ 3 ಗಂಟೆಗೆ ಸಾಲಿನಲ್ಲಿ ನಿಂತಿದ್ದರೆ ಒಳಗೆ ಬಿಡುತ್ತಾರೆ, 3:05ಕ್ಕೆ ಬಂದರೆ ಇಲ್ಲ. ಮಂಗಳವಾರ ಬಂದು ಬೇಡಿಕೊಂಡರೆ ಪ್ರಾವಿಜನಲ್ ಮತಪತ್ರ (ಅರ್ಹತೆ ಪರಿಶೀಲಿಸಿದ ಮೇಲಷ್ಟೇ ಎಣಿಸುವ ಮತಪತ್ರ) ಕೊಡಬಹುದು, ಆದರೆ ನೋಂದಣಿಯೇ ಇಲ್ಲದವರ ಆ ಮತ ಎಣಿಕೆಗೆ ಬರುವುದಿಲ್ಲ. ವಿನಾಯಿತಿ ಇರುವುದು ಕೆಲವೇ ಕೆಲವರಿಗೆ. ಅವರಲ್ಲಿ ಮುಖ್ಯರಾದವರು ನೋಂದಣಿಯ ಗಡುವು ಮುಗಿದ ಮೇಲೆ ಪೌರತ್ವದ ಪ್ರಮಾಣ ಸ್ವೀಕರಿಸಿದವರು. ಅವರು ಮಂಗಳವಾರವೂ ನೋಂದಾಯಿಸಬಹುದು. ಪೌರತ್ವ ಸಿಕ್ಕಾಗ ಕೊಡುವ ನ್ಯಾಚುರಲೈಸೇಶನ್ ಸರ್ಟಿಫಿಕೇಟನ್ನು ಜೊತೆಗೇ ತನ್ನಿ, ದಿನಾಂಕ ಅದರಲ್ಲೇ ಇರುತ್ತದೆ. ಆದರೂ ಶನಿವಾರದೊಳಗೆ ಪ್ರಮಾಣ ಆಗಿದ್ದರೆ ಮಂಗಳವಾರದವರೆಗೆ ಕಾಯಬೇಡಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ.

ಪೌರತ್ವದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅರ್ಜಿಯ ಮೊದಲ ಪ್ರಶ್ನೆಯೇ ನೀವು ಅಮೆರಿಕದ ಪೌರರೇ ಎಂಬುದು. ಗ್ರೀನ್ ಕಾರ್ಡ್ ಇದ್ದರೆ ಸಾಲದು. ಪೌರತ್ವದ ಸಂದರ್ಶನ ಪಾಸಾಗಿ ಪ್ರಮಾಣಕ್ಕೆ ಕಾಯುತ್ತಿದ್ದರೂ ಸಾಲದು. ಎಷ್ಟೋ ಮನೆಗಳಲ್ಲಿ ಹೆಂಡತಿ ಪೌರಳು, ಗಂಡ ಗ್ರೀನ್ ಕಾರ್ಡಿನವನು, ಇಬ್ಬರೂ ಒಟ್ಟಿಗೆ ಬಂದಿರುತ್ತಾರೆ. ಒಬ್ಬರು ಅರ್ಜಿ ತುಂಬುವಾಗ ಇನ್ನೊಬ್ಬರ ಕೈಗೂ ಪೆನ್ನು ಹೋಗುವುದು ಸಹಜ. ಅಲ್ಲಿ ನಾನು ನಿಲ್ಲಿಸಿ ಮತ್ತೊಮ್ಮೆ ಕೇಳುತ್ತೇನೆ. ಪೌರರಲ್ಲದವರು ತಪ್ಪಿ ಸಹಿ ಹಾಕಿದರೆ ಅದು ಕ್ರಿಮಿನಲ್ ಅಪರಾಧ ಆಗಬಹುದು, ಮುಂದೆ ಪೌರತ್ವದ ಅರ್ಜಿಯೇ ಬಿದ್ದುಹೋಗಬಹುದು, ಗಡೀಪಾರಿನವರೆಗೂ ಹೋಗಬಹುದು. ಗೊತ್ತಿಲ್ಲದೆ ಮಾಡಿದೆ ಎಂಬ ಮಾತು ಅಲ್ಲಿ ನಡೆಯುತ್ತದೆ ಎಂದು ನಂಬಿ ಕೂರಬೇಡಿ. ಗಂಡನೋ ಅಪ್ಪನೋ ಜೊತೆಗೆ ಬರಲಿ, ಅರ್ಜಿ ಮುಟ್ಟದಿದ್ದರೆ ಆಯಿತು.

ಇನ್ನು ಕೌಂಟಿ ಯಾವುದು ಎಂಬುದು. ಮುಂಗಡ ಮತದಾನದಲ್ಲಿ ನಿಮ್ಮ ಕೌಂಟಿಯೊಳಗಿನ ಯಾವ ಕೇಂದ್ರಕ್ಕಾದರೂ ಹೋಗಬಹುದು, ಮಂಗಳವಾರವಾದರೆ ನಿಮಗೆ ಗೊತ್ತುಪಡಿಸಿದ ಒಂದೇ ಕೇಂದ್ರ. ಊರಿನಲ್ಲಿ ನಮ್ಮ ಬೂತು, ನಮ್ಮ ಶಾಲೆ ಎಂದು ರೂಢಿಯಾದವರಿಗೆ ಇದು ಹೊಸದು. ಆದರೆ ಕೌಂಟಿ ಗಡಿ ದಾಟುವಂತಿಲ್ಲ. ಪೋಸ್ಟಿನ ವಿಳಾಸದಲ್ಲಿ ಕ್ಯಾರಿ ಎಂದಿದ್ದ ಮಾತ್ರಕ್ಕೆ ಮನೆ ವೇಕ್ ಕೌಂಟಿಯಲ್ಲಿದೆ ಎಂದಲ್ಲ. ಪಶ್ಚಿಮ ಕ್ಯಾರಿಯ ಕೆಲವು ಬಡಾವಣೆಗಳು ಚಾಥಮ್ ಕೌಂಟಿಗೆ ಸೇರಿವೆ, ಮಾರಿಸ್‌ವಿಲ್‌ನ ಒಂದು ಭಾಗ ಡರ್ಹಮ್ ಕೌಂಟಿಯಲ್ಲಿದೆ, ಏಪೆಕ್ಸ್ ವಿಳಾಸಗಳೂ ಚಾಥಮ್‌ಗೆ ಚಾಚಿಕೊಂಡಿವೆ. ಜಿಪ್ ಕೋಡ್ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಮನೆಯ ಆಸ್ತಿ ತೆರಿಗೆ ಬಿಲ್ಲು ಯಾವ ಕೌಂಟಿಯಿಂದ ಬರುತ್ತದೋ ಅದೇ ನಿಮ್ಮ ಕೌಂಟಿ. ಬಾಡಿಗೆಯವರು ಕಾರಿನ ತೆರಿಗೆ ನೋಟಿಸ್ ನೋಡಲಿ. ಒಂದು ಗಂಟೆ ಸಾಲಿನಲ್ಲಿ ನಿಂತವರಿಗೆ ನಿಮ್ಮದು ಪಕ್ಕದ ಕೌಂಟಿ ಎಂದು ಹೇಳುವುದು ಈ ಮೇಜಿನಲ್ಲಿ ನನಗೆ ಅತ್ಯಂತ ಬೇಸರ ತರುವ ಕೆಲಸ.

ಈಗ ಮೇಜಿನ ಮೇಲೆ ಏನೇನು ಇಡಬೇಕು ಎಂಬುದು. ಎರಡು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ಫೋಟೊ ಗುರುತು, ನೀವು ನೀವೇ ಎಂದು ತೋರಿಸಲು. 2023ರಿಂದ ಇದು ಕಡ್ಡಾಯ. ನಾರ್ತ್ ಕ್ಯಾರೊಲೈನಾ ಡ್ರೈವಿಂಗ್ ಲೈಸೆನ್ಸ್, ಅಮೆರಿಕದ ಪಾಸ್‌ಪೋರ್ಟ್ ಎರಡೂ ನಡೆಯುತ್ತವೆ. ಅವಧಿ ಮುಗಿದಿದ್ದರೂ ಒಂದು ವರ್ಷ ದಾಟಿರದಿದ್ದರೆ ನಡೆಯುತ್ತವೆ. ಅದರಲ್ಲಿ ಈಗಿನ ವಿಳಾಸ ಇರಬೇಕೆಂದೇನಿಲ್ಲ. ಎರಡನೆಯದು ವಾಸದ ದಾಖಲೆ, ಅದೇ ದಿನ ನೋಂದಾಯಿಸುವವರಿಗೆ ಮಾತ್ರ. ಇದರಲ್ಲಿ ನಿಮ್ಮ ಹೆಸರು ಮತ್ತು ಈಗಿನ ಮನೆಯ ವಿಳಾಸ ಎರಡೂ ಇರಲೇಬೇಕು. ಲೈಸೆನ್ಸ್‌ನಲ್ಲಿ ಈಗಿನ ವಿಳಾಸವೇ ಇದ್ದರೆ ಒಂದೇ ಕಾರ್ಡಿನಲ್ಲಿ ಎರಡೂ ಕೆಲಸ ಆಗುತ್ತದೆ. ಇಲ್ಲವಾದರೆ ಕರೆಂಟು ಅಥವಾ ನೀರಿನ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಸರ್ಕಾರದ ಯಾವುದಾದರೂ ಪತ್ರ ಬೇಕು. ಪಾಸ್‌ಪೋರ್ಟ್ ಮಾತ್ರ ಹಿಡಿದು ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ, ಅದರಲ್ಲಿ ಅಚ್ಚಾದ ವಿಳಾಸ ಇರುವುದಿಲ್ಲ.

ಬಿಲ್ಲನ್ನು ಫೋನಿನಲ್ಲಿ ತೋರಿಸಿದರೆ ಸಾಕು. ಫೋಟೊ ಗುರುತಿಗೆ ಈ ಅನುಕೂಲ ಇಲ್ಲ, ಲೈಸೆನ್ಸ್‌ನ ಚಿತ್ರ ತೋರಿಸಿದರೆ ಒಪ್ಪುವುದಿಲ್ಲ, ಕಾರ್ಡೇ ಬೇಕು. ಬಿಲ್ಲು ತೋರಿಸುವಾಗಲೂ ಒಂದು ಕಷ್ಟ ಇದೆ. ಆ್ಯಪ್ ತೆರೆದರೆ ಕಾಣುವುದು ಬಾಕಿ ಮೊತ್ತ ಮತ್ತು ಖಾತೆ ಸಂಖ್ಯೆ, ಹೆಸರು ಮತ್ತು ವಿಳಾಸ ಇರುವುದು ಬಿಲ್ಲಿನ ಪಿಡಿಎಫ್‌ನಲ್ಲಿ. ಕಟ್ಟಡದೊಳಗೆ ನೆಟ್‌ವರ್ಕ್ ಸಿಗದೆ, ಪಾಸ್‌ವರ್ಡ್ ನೆನಪಾಗದೆ ಸಾಲು ನಿಂತುಬಿಡುತ್ತದೆ. ಮನೆಯಲ್ಲೇ ಪಿಡಿಎಫ್ ಇಳಿಸಿಕೊಂಡು ಬನ್ನಿ. ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಗಂಡನ ಹೆಸರಿನ ಬಿಲ್ಲು ಹೆಂಡತಿಗೆ ನಡೆಯುವುದಿಲ್ಲ.

ಮಕ್ಕಳ ಮನೆಯಲ್ಲಿರುವ ಅಪ್ಪ ಅಮ್ಮಂದಿರ ಕಷ್ಟ ಇಲ್ಲಿಯೇ. ಅವರ ಹೆಸರಿನಲ್ಲಿ ಬಿಲ್ಲಿಲ್ಲ, ಕೆಲಸವಿಲ್ಲದ ಕಾರಣ ಸಂಬಳದ ಚೀಟಿಯೂ ಇಲ್ಲ, ಲೈಸೆನ್ಸ್ ತೆಗೆದುಕೊಂಡಿರುವುದಿಲ್ಲ. ಸುಲಭದ ದಾರಿ ಅವರ ಹೆಸರಿನ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್. ಜಂಟಿ ಖಾತೆಯಾದರೆ ಅವರ ಹೆಸರೂ ಸ್ಟೇಟ್‌ಮೆಂಟಿನ ಮೇಲೆ ಅಚ್ಚಾಗಿರಬೇಕು. ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ, ಗುರುತಿನ ಸಂಖ್ಯೆ ನೋಡಿಕೊಳ್ಳುವ) ಕಚೇರಿಯ ಪತ್ರ, ಮೋಟಾರು ಇಲಾಖೆಯ ಗುರುತಿನ ಚೀಟಿಯೂ ಆಗುತ್ತವೆ. ಇವನ್ನೆಲ್ಲ ಅಕ್ಟೋಬರ್‌ನಲ್ಲಿ ಹುಡುಕಲು ಹೊರಟರೆ ತಡವಾಗುತ್ತದೆ, ಪ್ರಮಾಣ ಸ್ವೀಕರಿಸಿದ ವಾರವೇ ಬ್ಯಾಂಕಿಗೆ ಹೋಗಿ ಬನ್ನಿ.

ಅರ್ಜಿಯಲ್ಲಿ ನಾನು ಎರಡು ಸಲ ನೋಡುವ ಜಾಗ ಹೆಸರು ಮತ್ತು ಸಂಖ್ಯೆ. ನಾರ್ತ್ ಕ್ಯಾರೊಲೈನಾ ಲೈಸೆನ್ಸ್ ಇದ್ದರೆ ಅದರ ಸಂಖ್ಯೆ, ಇಲ್ಲದಿದ್ದರೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಈ ಸಂಖ್ಯೆಯನ್ನು ಹೆಸರು ಮತ್ತು ಹುಟ್ಟಿದ ದಿನಾಂಕದೊಂದಿಗೆ ಸರ್ಕಾರಿ ದಾಖಲೆಗೆ ತಾಳೆ ನೋಡುತ್ತಾರೆ. ನಮ್ಮ ಹೆಸರುಗಳ ತೊಡಕು ಶುರುವಾಗುವುದು ಅಲ್ಲಿ. ಉದಾಹರಣೆಗೆ ಎಚ್. ಎನ್. ಲಕ್ಷ್ಮಿ ಎಂಬವರು ಇದ್ದಾರೆ ಎಂದುಕೊಳ್ಳಿ. ಇಂಡಿಯಾದ ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಸೋಶಿಯಲ್ ಸೆಕ್ಯುರಿಟಿಯಲ್ಲಿ ಅದು ಹಾಗೆಯೇ ಕೂತಿರುತ್ತದೆ, ಲೈಸೆನ್ಸ್‌ನಲ್ಲಿ ಗಂಡನ ಹೆಸರು ಕೊನೆಗೆ ಸೇರಿರುತ್ತದೆ, ಪೌರತ್ವದ ವೇಳೆ ಚಿಕ್ಕದಾಗಿ ಬದಲಿಸಿಕೊಂಡಿರುತ್ತಾರೆ. ಒಬ್ಬರಿಗೆ ನಾಲ್ಕು ಹೆಸರು. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟಿನವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಚಿಕ್ಕರೂಪ) ಎಂದು ಬಿದ್ದು, ಅದು ಮುಂದಿನ ದಾಖಲೆಗಳಿಗೂ ಅಂಟಿಕೊಂಡು ಬಂದಿರುತ್ತದೆ.

ಫೋಟೊ ಗುರುತಿನ ಮಟ್ಟಿಗೆ ಕಾನೂನು ಉದಾರವಾಗಿದೆ. ಇನಿಶಿಯಲ್, ಮದುವೆಯ ಹೆಸರು ಇಂಥ ವ್ಯತ್ಯಾಸಗಳು ಮೇಲ್ನೋಟಕ್ಕೆ ಒಬ್ಬರೇ ಎಂದು ಗೊತ್ತಾಗುವಂತಿದ್ದರೆ ಸಾಕು. ಸಂಖ್ಯೆಯ ತಾಳೆಯಲ್ಲಿ ಕಂಪ್ಯೂಟರು ಅಷ್ಟು ಉದಾರಿಯಲ್ಲ. ಹಾಗಾಗಿ ಯಾವ ಸಂಖ್ಯೆ ಬರೆಯುತ್ತೀರೋ ಆ ಕಾರ್ಡಿನ ಮೇಲಿರುವ ಹೆಸರನ್ನೇ ಅಕ್ಷರಶಃ ಬರೆಯಿರಿ. ಪ್ರಮಾಣದ ದಿನ ಹೆಸರು ಬದಲಾಗಿದ್ದರೆ ಮೊದಲು ಸೋಶಿಯಲ್ ಸೆಕ್ಯುರಿಟಿ, ಆಮೇಲೆ ಮೋಟಾರು ಇಲಾಖೆ, ಈ ಕ್ರಮದಲ್ಲಿ ಸರಿಪಡಿಸಿಕೊಳ್ಳಿ. ಅಷ್ಟು ಸಮಯ ಇಲ್ಲದಿದ್ದರೆ ಹೆಸರು ಬದಲಾದ ದಾಖಲೆ ಕೈಯಲ್ಲಿರಲಿ. ತಾಳೆ ಆಗದ ಮಾತ್ರಕ್ಕೆ ಮತದಾನದ ಅರ್ಹತೆ ಹೋಗುವುದಿಲ್ಲ, ಆದರೆ ಪತ್ರ ಬರುತ್ತದೆ, ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಸಂಖ್ಯೆ ಬರೆಯುವ ಆ ಚೌಕವನ್ನು ಖಾಲಿ ಬಿಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2024ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟಿನ ಒಂದು ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಆಲಿಸನ್ ರಿಗ್ಸ್ ಗೆದ್ದದ್ದು 734 ಮತಗಳಿಂದ. ಸೋತ ಅಭ್ಯರ್ಥಿ ಜೆಫರ್ಸನ್ ಗ್ರಿಫಿನ್ 60,000ಕ್ಕೂ ಹೆಚ್ಚು ಮತಗಳನ್ನು ಪ್ರಶ್ನಿಸಿದರು. ಅದರಲ್ಲಿ ಬಹುಪಾಲು ಮತದಾರರ ದಾಖಲೆಯಲ್ಲಿ ಈ ಸಂಖ್ಯೆ ಇಲ್ಲ ಎಂಬುದೇ ತಕರಾರು. ಎಷ್ಟೋ ಜನ ಹಲವು ವರ್ಷಗಳಿಂದ ಮತ ಹಾಕುತ್ತಾ ಬಂದವರು, ಏನೂ ತಪ್ಪು ಮಾಡದವರು. ವ್ಯಾಜ್ಯ ತೀರಿ ರಿಗ್ಸ್ ಅವರ ಗೆಲುವು ಖಾಯಂ ಆದದ್ದು 2025ರ ಮೇ ತಿಂಗಳಲ್ಲಿ. ನೀವು ಮೊದಲೇ ನೋಂದಾಯಿಸಿಕೊಂಡವರಾದರೂ ನಿಮ್ಮ ದಾಖಲೆಯಲ್ಲಿ ಸಂಖ್ಯೆ ಇದೆಯೇ ಎಂದು ಒಮ್ಮೆ ವಿಚಾರಿಸಿ.

ಅರ್ಜಿ ಸರಿಯಾದ ಮೇಲೆ ವಿವರವನ್ನು ಕಂಪ್ಯೂಟರಿಗೆ ಹಾಕುತ್ತೇವೆ. ವಿಳಾಸ ಯಾವ ಪ್ರಿಸಿಂಕ್ಟಿಗೆ (ಮತದಾನದ ಚಿಕ್ಕ ವಲಯಕ್ಕೆ) ಸೇರುತ್ತದೋ ಅದರಂತೆ ಯಾವ ಮತಪತ್ರ ಎಂದು ತೀರ್ಮಾನವಾಗುತ್ತದೆ. ಒಂದೇ ಕೇಂದ್ರದಲ್ಲಿ ಪಕ್ಕಪಕ್ಕ ನಿಂತವರ ಮತಪತ್ರಗಳು ಬೇರೆ ಇರಬಹುದು. ಅಪಾರ್ಟ್‌ಮೆಂಟ್ ಸಂಖ್ಯೆ ಬಿಟ್ಟರೆ ಇಲ್ಲಿಯೇ ತಡೆಯುತ್ತೇನೆ. ಆಮೇಲೆ ಮುದ್ರಿತ ಅರ್ಜಿಗೆ ಸಹಿ, ಕಾಗದದ ಮತಪತ್ರ, ಕಪ್ಪು ಪೆನ್ನು. ಅಂಡಾಕಾರವನ್ನು ಪೂರ್ತಿ ತುಂಬಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ. ಪಕ್ಷಕ್ಕೆ ಒಂದೇ ಗುರುತು ಹಾಕಿ ಎಲ್ಲ ಹುದ್ದೆಗೂ ಮತ ಕೊಡುವ ಪದ್ಧತಿ ಇಲ್ಲಿ ಈಗ ಇಲ್ಲ. ಫೋನಿನಲ್ಲಿ ಬರೆದಿಟ್ಟ ಟಿಪ್ಪಣಿ ನೋಡಬಹುದು, ಆದರೆ ಗುರುತು ಹಾಕಿದ ಮತಪತ್ರದ ಫೋಟೊ ತೆಗೆಯುವುದು ಕಾನೂನುಬಾಹಿರ. ತಪ್ಪಾಗಿ ತುಂಬಿದರೆ ಯಂತ್ರಕ್ಕೆ ಹಾಕುವ ಮುಂಚೆ ಹೊಸದು ಕೇಳಿ. ಇಂಗ್ಲಿಷ್ ಕಷ್ಟವಾದ ಹಿರಿಯರ ಜೊತೆ ಮಗನೋ ಮಗಳೋ ಸೊಸೆಯೋ ಬೂತಿನೊಳಗೆ ಹೋಗಿ ಓದಿ ಹೇಳಬಹುದು. ಕನ್ನಡದಲ್ಲೇ ಮಾತಾಡಿಕೊಳ್ಳಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಒಳಗೆ ನಡೆದು ಬರಲಾಗದವರಿಗೆ ಕಾರಿನಲ್ಲೇ ಮತಪತ್ರ ತಂದುಕೊಡುತ್ತೇವೆ.

ಮೊದಲ ದಿನ ಮತ್ತು ಕೊನೆಯ ಶನಿವಾರ ಸಾಲು ಉದ್ದ. ನನ್ನ ಮಟ್ಟಿಗೆ ಎರಡನೇ ವಾರದ ನಡುವಿನ ಮಧ್ಯಾಹ್ನ ಒಳ್ಳೆಯದು. ಕಾಗದ ಏನಾದರೂ ಕಡಿಮೆ ಬಿದ್ದರೆ ಮನೆಗೆ ಹೋಗಿ ತರಲು ದಿನಗಳು ಉಳಿದಿರುತ್ತವೆ.

ಮತ ಹಾಕಿದ ಮೇಲೆ ಒಂದು ಹಂತ ಇದೆ, ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ವಿಳಾಸ ನಿಜವೇ ಎಂದು ನೋಡಲು ಕೌಂಟಿ ಒಂದು ಕಾರ್ಡನ್ನು ಅಂಚೆಗೆ ಹಾಕುತ್ತದೆ. ಅದನ್ನು ಬೇರೆ ವಿಳಾಸಕ್ಕೆ ಕಳಿಸುವಂತಿಲ್ಲ, ತಲುಪದಿದ್ದರೆ ವಾಪಸು ಬರುತ್ತದೆ. ಮುಂಗಡ ಮತಪತ್ರಕ್ಕೆ ಗುರುತಿನ ಸಂಖ್ಯೆ ಇರುವುದರಿಂದ ಆ ಮತವನ್ನು ಹುಡುಕಿ ತೆಗೆಯಲು ಸಾಧ್ಯ. 2023ರ ಕಾನೂನು ಒಂದೇ ಕಾರ್ಡ್ ವಾಪಸಾದರೂ ಮತ ತೆಗೆದುಹಾಕುವಂತೆ ಮಾಡಿತ್ತು. 2024ರ ಜನವರಿಯಲ್ಲಿ ಫೆಡರಲ್ ನ್ಯಾಯಾಲಯ ಮತದಾರರಿಗೆ ತಿಳಿಸದೆ, ಉತ್ತರಿಸಲು ಅವಕಾಶ ಕೊಡದೆ ಹಾಗೆ ಮಾಡುವಂತಿಲ್ಲ ಎಂದಿತು. 2013ರಲ್ಲಿ ಅದೇ ದಿನದ ಈ ನೋಂದಣಿಯನ್ನೇ ರದ್ದು ಮಾಡಿದ್ದ ಕಾನೂನನ್ನು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಹೊಡೆದುಹಾಕಿದ ಮೇಲೆಯೇ ಈ ಮೇಜು ಗಟ್ಟಿಯಾಗಿ ಉಳಿದದ್ದು.

ಹಾಗಾಗಿ ಅಂಚೆ ಪೆಟ್ಟಿಗೆಯಲ್ಲಿ ನಿಮ್ಮ ಹೆಸರಿರಲಿ, ಮಗನ ಮನೆಯಲ್ಲಿರುವ ಅಮ್ಮನ ಹೆಸರೂ ಇರಲಿ. ಹಳೆಯ ಮನೆಯಿಂದ ಅಂಚೆ ತಿರುಗಿಸಲು ಕೊಟ್ಟ ಅರ್ಜಿ ಹೊಸ ವಿಳಾಸಕ್ಕೆ ಅಡ್ಡ ಬರದಂತೆ ನೋಡಿಕೊಳ್ಳಿ. ಅರ್ಜಿಯಲ್ಲಿ ಫೋನ್ ಮತ್ತು ಇಮೇಲ್ ಐಚ್ಛಿಕ ಎಂದಿದ್ದರೂ ಬರೆಯಿರಿ, ಕಾರ್ಡ್ ವಾಪಸಾದರೆ ನಿಮ್ಮನ್ನು ಹಿಡಿಯಲು ಅದೊಂದೇ ಬೇಗದ ದಾರಿ. ಕೌಂಟಿಯ ಅಂತಿಮ ಪರಿಶೀಲನೆ ಚುನಾವಣೆಯಾದ ಹತ್ತನೇ ದಿನ ನಡೆಯುತ್ತದೆ, ದಾಖಲೆ ಕೊಡುವುದಿದ್ದರೆ ಅದಕ್ಕೆ ಮೊದಲೇ ಕೊಡಬೇಕು. ಮತ ಹಾಕಿದ ವಾರವೇ ಬೆಂಗಳೂರಿಗೋ ಮೈಸೂರಿಗೋ ವಿಮಾನ ಹತ್ತುವ ಹಿರಿಯರು ಇಲ್ಲಿಯೇ ಉಳಿಯುವ ಮಗನದೋ ಮಗಳದೋ ಫೋನ್ ಸಂಖ್ಯೆ ಬರೆದು, ಕೌಂಟಿಯಿಂದ ಬಂದ ಪತ್ರವನ್ನು ತೆರೆದು ಓದುವಂತೆ ಅವರಿಗೆ ಹೇಳಿ ಹೊರಡಲಿ.