ಶಿವರಾತ್ರಿಗೆ ಮೊದಲೇ ಮುಗಿಸುವ ಕೈತೋಟದ ಕೆಲಸ

ಕೋಲಾರದ ನಮ್ಮ ಮನೆ ಮುಂದೆ 10 ಅಡಿ ಅಗಲ, 15 ಅಡಿ ಉದ್ದದ ಗರಿಕೆ ಹುಲ್ಲಿನ ಲಾನ್ ಇದೆ. ಪಕ್ಕದಲ್ಲಿ ಎರಡು ದುಂಡುಮಲ್ಲಿಗೆ ಗಿಡ, ಒಂದು ನಿಂಬೆ. ಕಾಂಪೌಂಡ್ ಮೂಲೆಯಲ್ಲಿ ಹೊಂಗೆ ಮರ.

ಮೊದಲೆರಡು ವರ್ಷ ಯುಗಾದಿ ಹತ್ತಿರ ಬಂದ ಮೇಲೆ ಹುಲ್ಲು ಕತ್ತರಿಸಿ ಗೊಬ್ಬರ ಹಾಕಿದ್ದೆ. ಅಷ್ಟರಲ್ಲಿ ಬಿಸಿಲು ಏರಿತ್ತು. ಹುಲ್ಲು ಅರ್ಧಕ್ಕರ್ಧ ಒಣಗಿತು. ಈಗ ಸಂಕ್ರಾಂತಿ ಕಳೆದ ವಾರವೇ ಶುರು ಮಾಡುತ್ತೇನೆ. ನಮ್ಮ ಕಡೆ ಚಿಗುರು ಕಾಲದ ಬೆನ್ನಿಗೇ ಬೇಸಿಗೆ ಬರುತ್ತದೆ ಅಲ್ವಾ? ವರ್ಷವಿಡೀ ಹರಿಯುವ ಹೊಳೆಯೂ ಇಲ್ಲಿಲ್ಲ, ಇರುವುದು ಬೋರ್ ನೀರು. ಬಿಸಿಲು ಬಲಿಯುವ ಮೊದಲು ಬೇರು ಇಳಿದಿರಬೇಕು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುವುದು ಹುಲ್ಲಿನ ನಡುವೆ ಬೆಳೆಯುವ ಕೊನ್ನಾರಿ ಗಡ್ಡೆ ಎಂಬ ಕಳೆ ಕೀಳುವುದು. ಸುಮ್ನೆ ಕಿತ್ತರೆ ಎಲೆ ಮಾತ್ರ ಕೈಗೆ ಬರುತ್ತದೆ. ಒಳಗೆ ಗಡ್ಡೆಗಳು ದಾರದಂಥ ಬೇರಿಗೆ ಸಾಲಾಗಿ ಪೋಣಿಸಿಕೊಂಡಿರುತ್ತವೆ, ಒಂದು ಉಳಿದರೂ ಮತ್ತೆ ಚಿಗುರುತ್ತದೆ. ಹಿಂದಿನ ಸಂಜೆ ನೀರು ಬಿಟ್ಟು, ಬೆಳಿಗ್ಗೆ ಸಲಾಕೆಯಿಂದ ಅರ್ಧ ಅಡಿ ಆಳಕ್ಕೆ ಮಣ್ಣು ಎತ್ತಿ, ಬೇರು ಹಿಡಿದು ಹಿಂಬಾಲಿಸುತ್ತೇನೆ. ಸಿಕ್ಕ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕುವುದಿಲ್ಲ. ಕಲ್ಲಿನ ಮೇಲೆ ಹರಡಿ ಚೆನ್ನಾಗಿ ಒಣಗಿಸುತ್ತೇನೆ.

ಆಮೇಲೆ ಹುಲ್ಲನ್ನು ಒಂದು ಇಂಚಿಗೆ ಕತ್ತರಿಸಿ, ಬುಡದಲ್ಲಿ ಸೇರಿದ ಒಣ ಕಸವನ್ನು ಹಲ್ಲುಕುಂಟೆಯಿಂದ ಎಳೆದು ತೆಗೆಯುತ್ತೇನೆ. ನಮ್ಮ ಕೆಮ್ಮಣ್ಣು ತುಳಿದು ತುಳಿದು ಗಟ್ಟಿಯಾಗಿರುತ್ತದೆ. ಅದಕ್ಕೇ ಗೇಣಿಗೊಂದರಂತೆ ಸಲಾಕೆಯಿಂದ ತೂತು ಮಾಡಬೇಕು. ಮೇಲೆ ಹರಡಲು ಎರಡು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಕೆರೆ ಗೋಡು (ಕೆರೆಯ ತಳದ ಹೂಳು ಮಣ್ಣು), ಒಂದು ಪಾಲು ಮರಳು. ಮೂರನ್ನೂ ಜರಡಿ ಹಿಡಿದು ಬೆರೆಸಿ, ಅರ್ಧ ಇಂಚು ದಪ್ಪ ಬರುವಂತೆ ಹಾಕುತ್ತೇನೆ. ನಮ್ಮ ಜಾಗಕ್ಕೆ ಸುಮಾರು 15 ಬಾಂಡ್ಲಿ ಬೇಕಾಗುತ್ತದೆ. ಗೊಬ್ಬರ ಪೂರ್ತಿ ಕಳಿತಿರಲೇಬೇಕು. ಒಮ್ಮೆ ಅರೆಬರೆ ಕಳಿತದ್ದು ತಂದು ಹಾಕಿದೆ, ಅದರ ಜೊತೆ ಬೇರು ತಿನ್ನುವ ಗೊಣ್ಣೆಹುಳುವೂ ಬಂತು. ಈಗ ಕೈಯಲ್ಲಿ ಹಿಡಿದು ಮೂಸಿ ನೋಡದೆ ತರುವುದಿಲ್ಲ. ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬರಬೇಕು.

ಮಲ್ಲಿಗೆಗೆ ಎರಡು ವಾರ ನೀರು ನಿಲ್ಲಿಸಿ, ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೂ ಕೈಯಲ್ಲೇ ಕೀಳುತ್ತೇನೆ. ಮೊದಲ ಸಲ ಅಮ್ಮ ನೋಡಿ, "ಗಿಡಾನೇ ಕೊಂದುಬಿಟ್ಟೆಯಲ್ಲೋ" ಎಂದು ನೊಂದುಕೊಂಡಿದ್ದರು. ಬುಡಕ್ಕೆ ಗೊಬ್ಬರ, ಎರಡು ಹಿಡಿ ಹೊಂಗೆ ಹಿಂಡಿ ಕೊಟ್ಟು ಮತ್ತೆ ನೀರು ಶುರು ಮಾಡಿದೆ. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬಂತು. ಆ ವರ್ಷ ಯುಗಾದಿ ಪೂಜೆಗೆ ಅಮ್ಮ ಅಂಗಡಿಯಿಂದ ಹೂ ತರಿಸಲಿಲ್ಲ. ನಿಂಬೆಗೆ ಒಣ ಕಡ್ಡಿ ತೆಗೆದರೆ ಸಾಕು.

ಈ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತಿರುತ್ತದೆ. ಬೀದಿಯಲ್ಲಿ ಎಲ್ಲರೂ ಗುಡಿಸಿ ಬೆಂಕಿ ಹಚ್ಚುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ಆ ಎಲೆಯನ್ನು ಗಿಡಗಳ ಸುತ್ತ ಮೂರು ಇಂಚು ದಪ್ಪ ಮುಚ್ಚುತ್ತೇನೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಬೇಕು, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಎಲೆ ಮುಚ್ಚುವ ಮೊದಲು ಏಪ್ರಿಲ್‌ನಲ್ಲಿ ದಿನಾ ನೀರು ಹಾಕುತ್ತಿದ್ದೆ. ಈಗ ಎಲೆ ಸರಿಸಿ ಮಣ್ಣಿಗೆ ಬೆರಳಿಟ್ಟು ನೋಡುತ್ತೇನೆ. ಮೂರನೇ ದಿನವೂ ತಣ್ಣಗಿರುತ್ತದೆ.