ಸೆಲ್ಫ್ ತಗೊಳ್ತಿಲ್ವಾ? ಕ್ಲಚ್ ಪೆಡಲ್ ಹತ್ತಿರ ಒಮ್ಮೆ ಬಗ್ಗಿ ನೋಡಿ

ಪುಶ್ ಬಟನ್ ಇರುವ ಮ್ಯಾನ್ಯುಯಲ್ ಕಾರು ಸ್ಟಾರ್ಟ್ ಆಗಲಿಲ್ಲ ಅಂದ್ರೆ ಎಲ್ಲರೂ ಮೊದಲು ಅನುಮಾನ ಪಡೋದು ಬ್ಯಾಟರಿ ಮೇಲೆ, ಆಮೇಲೆ ಸ್ಟಾರ್ಟರ್ ಮೋಟರ್ ಮೇಲೆ. ನಾನು ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಈಚೆಗೆ ನನ್ನ ಹತ್ತಿರ ಬಂದ ಗಾಡಿಗೆ ಆಗಲೇ ಹೊಸ ಬ್ಯಾಟರಿ ಹಾಕಿಸಿ, ಸ್ಟಾರ್ಟರ್ ಬಿಚ್ಚಿಸೋ ಮಾತು ನಡೆದಿತ್ತು.

ಬಟನ್ ಒತ್ತಿದೆ. ಮೀಟರ್ ಲೈಟೆಲ್ಲ ಸರಿಯಾಗಿ ಬಂತು, ಹಾರ್ನ್ ಜೋರಾಗಿದೆ, ಆದರೆ ಸ್ಟಾರ್ಟರ್ ಕಡೆಯಿಂದ ಟಕ್ ಅನ್ನೋ ಸದ್ದೂ ಇಲ್ಲ. ಕ್ಲಚ್ ಪೂರ್ತಿ ತುಳಿದಿದ್ದರೂ ಡಿಸ್‌ಪ್ಲೇ 'ಕ್ಲಚ್ ಒತ್ತಿ' ಅಂತಲೇ ಹೇಳ್ತಿತ್ತು. ಅಂದರೆ ಪೆಡಲ್ ತುಳಿದದ್ದು ಗಾಡಿಗೆ ಗೊತ್ತಾಗ್ತಿಲ್ಲ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ, ಪಿ0704 ಅನ್ನೋ ದೋಷದ ಕೋಡ್ ಬಂತು. ಇದು ಕ್ಲಚ್ ಸ್ವಿಚ್ (ಪೆಡಲ್ ತುಳಿದದ್ದನ್ನು ಗಾಡಿಗೆ ತಿಳಿಸುವ ಸ್ವಿಚ್) ಸರ್ಕ್ಯೂಟ್‌ನ ಕೋಡ್. ಸ್ವಿಚ್ಚೇ ಹೋಗಿದೆ ಅಂತ ಅದು ಹೇಳೋದಿಲ್ಲ. ಕಪ್ಲರ್ (ವೈರನ್ನು ಸ್ವಿಚ್‌ಗೆ ಜೋಡಿಸುವ ಪ್ಲಗ್), ವೈರು ಯಾವುದು ಕೈಕೊಟ್ಟರೂ ಇದೇ ಕೋಡ್ ಬರಬಹುದು. ಕೋಡ್ ನೋಡಿದ ಕೂಡಲೇ ಪಾರ್ಟ್ ತರಿಸೋದು ನನಗೆ ಒಪ್ಪಿಗೆಯಿಲ್ಲ.

ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ತೂರಿದೆ. ಈ ಗಾಡಿಯಲ್ಲಿ ಎರಡು ಸ್ವಿಚ್. ಒಂದು ಪೆಡಲ್ ತುಳಿಯದೆ ಮೇಲಕ್ಕೆ ಇದ್ದಾಗ ಒತ್ತಿರುತ್ತದೆ, ಅದು ಕ್ರೂಸ್ ಕಂಟ್ರೋಲ್‌ಗೆ. ಇನ್ನೊಂದು ಪೂರ್ತಿ ತುಳಿದಾಗ ಒತ್ತುತ್ತದೆ, ಸ್ಟಾರ್ಟ್‌ಗೆ ಬೇಕಾದದ್ದು ಅದೇ. ಅದರ ಕಪ್ಲರ್ ಕಿತ್ತು, ಮಲ್ಟಿಮೀಟರ್ ಬಜರ್‌ಗೆ (ಕರೆಂಟ್ ದಾರಿ ಕೂಡಿದ್ದರೆ ಬೀಪ್ ಅನ್ನುತ್ತೆ) ಇಟ್ಟು, ಸ್ವಿಚ್‌ನ ಎರಡು ಪಿನ್‌ಗೂ ಮೀಟರ್‌ನ ಮುಳ್ಳು ಮುಟ್ಟಿಸಿ ಸ್ವಿಚ್‌ನ ಕಡ್ಡಿಯನ್ನು ಬೆರಳಲ್ಲಿ ಒತ್ತಿದೆ. ಬೀಪ್ ಬಂತು, ಬಿಟ್ಟರೆ ನಿಂತಿತು. ಕಪ್ಲರ್ ವಾಪಸ್ ಹಾಕಿ, ಕಡ್ಡಿ ಒತ್ತಿ ಹಿಡಿದು, ಹುಡುಗನಿಗೆ ಬಟನ್ ಒತ್ತು ಅಂದೆ. ಗಾಡಿ ಸ್ಟಾರ್ಟ್ ಆಯ್ತು! ಸ್ವಿಚ್, ವೈರಿಂಗ್, ಸ್ಟಾರ್ಟರ್ ಮೂರೂ ಸರಿಯಿವೆ ಅಂತಾಯ್ತು.

ಉಳಿದದ್ದು ಪೆಡಲ್. ಕೈಯಲ್ಲೇ ನಿಧಾನಕ್ಕೆ ಒತ್ತಿ ನೋಡಿದೆ. ಸ್ವಿಚ್‌ಗೆ ತಾಗಬೇಕಾದ ಜಾಗದಲ್ಲಿ ಒಂದು ತೂತು, ಕಡ್ಡಿ ನೇರ ಅದರೊಳಗೇ ಹೋಗ್ತಿತ್ತು. ಅಲ್ಲಿರಬೇಕಾದ ಪ್ಲಾಸ್ಟಿಕ್ ಸ್ಟಾಪರ್ ಫ್ಲೋರ್ ಮ್ಯಾಟ್ ಮೇಲೆ ಒಣ ಹಪ್ಪಳದ ಹಾಗೆ ಚೂರುಚೂರಾಗಿ ಬಿದ್ದಿತ್ತು. ಬಿಸಿಲು, ವಯಸ್ಸು ಎರಡೂ ಸೇರಿ ಈ ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ. ಹೊಸ ಸ್ಟಾಪರ್ ತೂತಿಗೆ ಒತ್ತಿ ಕೂರಿಸಿ, ಕೋಡ್ ಅಳಿಸಿದೆ, ಕೆಲಸ ಮುಗೀತು.

ಎಲ್ಲ ಗಾಡಿಯಲ್ಲೂ ಕಡ್ಡಿ ಸ್ವಿಚ್ಚೇ ಇರೋದಿಲ್ಲ. ಕೆಲವದರಲ್ಲಿ ಕ್ಲಚ್ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಡವನ್ನು ಎಣ್ಣೆಯ ಮೂಲಕ ಕ್ಲಚ್‌ಗೆ ಕಳಿಸುವ ಭಾಗ) ಮೇಲೆ ಮೂರು ವೈರಿನ ಸೆನ್ಸರ್ ಇರುತ್ತದೆ. ಅದಕ್ಕೆ ಬಜರ್ ಟೆಸ್ಟ್ ಬೇಡ. ಕಪ್ಲರ್ ಹಾಕಿರುವಾಗಲೇ ಹಿಂದಿನಿಂದ ಸಪ್ಲೈ, ಅರ್ತ್ ನೋಡಿ, ಪೆಡಲ್ ಒತ್ತಿದಾಗ ಸಿಗ್ನಲ್ ವೋಲ್ಟೇಜ್ ಬದಲಾಗುತ್ತಾ ಅಂತ ನೋಡಬೇಕು.

ಒಂದು ಮಾತು ಕೈಮುಗಿದು ಹೇಳ್ತೀನಿ. ಸ್ವಿಚ್‌ನ ಎರಡು ವೈರು ಸೇರಿಸಿ ಸುತ್ತಿ ಹಾಗೇ ಓಡಿಸಬೇಡಿ. ಆಮೇಲೆ ಕ್ಲಚ್ ತುಳಿಯದೆ, ಗೇರ್‌ನಲ್ಲಿದ್ದಾಗ ಬಟನ್ ಒತ್ತಿದರೆ ಗಾಡಿ ಮುಂದಕ್ಕೆ ಹಾರುತ್ತದೆ, ಎದುರಿಗೆ ಯಾರಾದರೂ ಇದ್ದರೆ?

ಬ್ರೇಕ್ ಪೆಡಲ್‌ಗೂ ಇಂಥದೇ ಸ್ಟಾಪರ್ ಇತ್ತು, ಅದನ್ನೂ ಬದಲಾಯಿಸಿದೆ. ಅದು ಉದುರಿದರೆ ಬ್ರೇಕ್ ಲೈಟ್ ಆರೋದೇ ಇಲ್ಲ, ಬೆಳಗ್ಗೆ ಹೊತ್ತಿಗೆ ಬ್ಯಾಟರಿ ಖಾಲಿ.